ಆಯುಧ ಪೂಜೆಯ ದಿನದ ನೀರು

ನೋಟಿಸನ್ನು ಮೊದಲು ಅಂಟಿಸಿದ್ದು ಮಹಾನಂದಾಳ ಮನೆಯ ತಗಡಿಗೆ. ಸಾಲಿನ ಮೊದಲ ಮನೆ ಅವಳದು. ಅಂಟಿಸಲು ಬಂದ ಇಬ್ಬರು ಹಾಗೇ ಮುಂದಕ್ಕೆ ಹೋಗಿ ಕೆರೆದಂಡೆಯ ನಲವತ್ತೆರಡು ತಗಡಿನ ಮನೆಗಳಿಗೂ ಒಂದೊಂದು ಹಾಳೆ ಬಡಿದು, ವಾಪಸು ಬರುವಾಗ ಕೈಗೆ ಮೆತ್ತಿದ್ದ ಅಂಟು ತೊಳೆಯಲು ನೀರು ಕೇಳಿದರು. ಮಹಾನಂದಾಳೇ ಚೊಂಬು ತುಂಬಿ ಕೊಟ್ಟಳು. "ಬಿಸಲು ಭಾಳ ಅದ, ಕುಡೀರಿ" ಎಂದೂ ಅಂದಳು. ಹಾಳೆಯಲ್ಲಿ ಏನು ಬರೆದಿದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಚೊಂಬಿನಿಂದಲೇ ಹೊಡೆಯುತ್ತಿದ್ದಳೇನೋ.

ಓದಿ ಹೇಳಿದವಳು ಪಕ್ಕದ ಮನೆಯ ಸವಿತಾ. ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ, ಪಿಯುಸಿವರೆಗೆ ಓದಿದ್ದಾಳೆ. ಸಾಲಿನ ಹೆಂಗಸರು ಗಂಡಸರೆಲ್ಲ ಸೇರಿದರು. ಎಲ್ಲರೂ ಯಾದಗಿರಿ, ಕಲಬುರಗಿ ಕಡೆಯವರು. ಗಾರೆ ಕೆಲಸದವರು, ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರು.

"ಬೈಲಪಾಳ್ಯ ಕೆರೆಯ ವೈಜ್ಞಾನಿಕ ಅಧ್ಯಯನದ ವರದಿಯ ಪ್ರಕಾರ," ಎಂದು ಸವಿತಾ ಓದಿದಳು, "ಕೆರೆಯ ಮಾಲಿನ್ಯಕ್ಕೆ ಮುಖ್ಯ ಕಾರಣ ದಂಡೆಯ ಅನಧಿಕೃತ ವಸತಿಯಿಂದ ಹರಿಯುವ ಕೊಳಚೆ. ಕೈಗಾರಿಕಾ ಚರಂಡಿಯ ನೀರು ನಿಗದಿತ ಮಿತಿಯೊಳಗಿದೆ. ಆದ್ದರಿಂದ ಒಮ್ಮೆ ಮರುಪರಿಶೀಲನೆ ನಡೆಸಿ, ಅದಾದ ಮೂವತ್ತು ದಿನದೊಳಗೆ ವಸತಿಯನ್ನು ತೆರವುಗೊಳಿಸಲಾಗುವುದು."

"ಅನಧಿಕೃತ ಅಂದ್ರ ನಾವೇನು?" ಎಂದ ಮಲಕಪ್ಪ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ. ಈ ಕೆರೆಯ ಏರಿಗೆ ಕಲ್ಲು ಕಟ್ಟಿದವರಲ್ಲಿ ಅವನೂ ಒಬ್ಬ.

"ಹೂಂ ಕಾಕಾ, ನಾವೇ," ಎಂದು ಸವಿತಾ ಕೆಳಗಿನ ಸಾಲಿಗೆ ಬಂದಳು. ಬಂದವಳು ನಿಂತುಬಿಟ್ಟಳು. ಮಹಾನಂದಾಳ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಓದಿದಳು. "ನೀರಿನ ಮಾದರಿ ಸಂಗ್ರಹಿಸಿದವರು, ಶ್ರೀಮತಿ ಮಹಾನಂದಾ ಸಿದ್ರಾಮ, ಸದರಿ ವಸತಿಯ ನಿವಾಸಿ."

ಮಹಾನಂದಾಳ ಅತ್ತೆ ಮುದುಕವ್ವ ಹೊಸ್ತಿಲ ಮೇಲೆ ಕೂತಿದ್ದಳು. "ಯಾರ ಹೆಸರು ಅಂದಿ?" ಎಂದು ಕೇಳಿದಳು. ಸವಿತಾ ಮತ್ತೆ ಓದಲಿಲ್ಲ. ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಮಹಾನಂದಾ ಇದೇ ಕೆರೆಯಲ್ಲಿ ಕಂಟ್ರಾಕ್ಟರನ ಕೈಕೆಳಗೆ ಜೊಂಡು ಕೊಯ್ಯುತ್ತಿದ್ದಳು. ಕತ್ತಿನವರೆಗೆ ನೀರು, ಮೂಗಿಗೆ ಸೆರಗು. ಆಗ ನೀರಿನ ಪರೀಕ್ಷೆ ಮಾಡುವ ಸಂಸ್ಥೆಯೊಂದರಿಂದ ಯಮುನಾ ಮೇಡಂ ಬಂದಳು. ವಿಜ್ಞಾನಿ. ಕೆರೆ ಹೊಳೆಗಳ ಆರೋಗ್ಯ ನೋಡುವುದು ಅವಳ ಕೆಲಸ. ಜೊತೆಗೆ ಬಂದಿದ್ದ ಇಬ್ಬರು ಹುಡುಗರು ಮೊದಲ ದಿನ ನೀರಿಗಿಳಿದರು, ಎರಡನೇ ದಿನ ಮೈತುಂಬ ಕಜ್ಜಿ ಎದ್ದು ರಜೆ ಹಾಕಿದರು, ಮೂರನೇ ದಿನ ಕೆಲಸವನ್ನೇ ಬಿಟ್ಟರು. ಯಮುನಾ ದಂಡೆಯ ಮೇಲೆ ನಿಂತು, "ಅಕ್ಕ, ಒಂದು ಬಾಟಲಿ ತುಂಬಿಕೊಡ್ತೀರಾ?" ಎಂದು ಕೂಗಿದಳು. ಅಕ್ಕ ಅಂದಳು. ಕಂಟ್ರಾಕ್ಟರ್ ಮಹಾನಂದಾಳನ್ನು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯಲಾಗದು.

ಹಾಗೆ ಶುರುವಾಯಿತು. ತಿಂಗಳಿಗೆ ಎರಡು ಸಲ, ಕೆರೆಯ ಏಳು ಜಾಗಗಳಲ್ಲಿ ನೀರು ತುಂಬಬೇಕು. ಬಾಟಲಿಯನ್ನು ಸೊಂಟದಾಳದಲ್ಲಿ, ನೀರೊಳಗೆ ಮುಳುಗಿಸಿಯೇ ಮುಚ್ಚಬೇಕು. ಗಾಳಿ ಸೇರಕೂಡದು. ಸಣ್ಣ ಗುಳ್ಳೆಯೊಂದು ಉಳಿದರೂ ಚೆಲ್ಲಿ ಮತ್ತೆ ತುಂಬಬೇಕು. ಮೇಲೆ ಬಂದು ಎರಡು ಸೀಸೆಯ ಔಷಧಿ ಹಾಕಿ ಅಲ್ಲಾಡಿಸಿದರೆ ತಳದಲ್ಲಿ ಗಸಿ ಕೂರುತ್ತದೆ. ಗಸಿ ಕಂದು ಬಂದರೆ ನೀರಿಗೆ ಉಸಿರಿದೆ, ಮೀನು ಬದುಕುತ್ತದೆ. ಬೆಳ್ಳಗೆ ಬಂದರೆ ನೀರು ಸತ್ತಿದೆ. ಇದನ್ನು ಬೆಳಗಿನ ಜಾವಕ್ಕೇ ನೋಡಬೇಕು, ಯಾಕೆಂದರೆ ರಾತ್ರಿಯೆಲ್ಲ ಪಾಚಿ ಉಸಿರೆಳೆದು ಆ ಹೊತ್ತಿಗೆ ಕೆರೆ ಬಸವಳಿದಿರುತ್ತದೆ. ಕಪ್ಪು ಬಿಳುಪು ಬಣ್ಣದ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಯಿತು ಎಂದು ಹೇಳಬೇಕು. ಬಾಟಲಿಗಳನ್ನೆಲ್ಲ ಐಸ್ ಪೆಟ್ಟಿಗೆಯಲ್ಲಿಡಬೇಕು. ಚೀಟಿಯಲ್ಲಿ ಜಾಗದ ನಂಬರು, ಗಂಟೆ, ತುಂಬಿದವರ ಸಹಿ.

ಅಂಕಿ ಬರೆಯಲು, ಸಹಿ ಹಾಕಲು ಕಲಿಸಿದವಳೂ ಯಮುನಾಳೇ. ಅಲ್ಲಿಯವರೆಗೆ ಮಹಾನಂದಾ ಹೆಬ್ಬೆಟ್ಟು ಒತ್ತಿದವಳು. ಹದಿನೈದು ದಿನ ಹಲಗೆಯ ಮೇಲೆ ಬರೆದು ಬರೆದು ಕಲಿತಳು.

ಅವಳ ಊರಲ್ಲಿ ಅವಳ ಕೇರಿಯವರು ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ದಂಡೆಯಲ್ಲಿ ನಿಂತು ಕಾಯಬೇಕಿತ್ತು, ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಹೊಯ್ಯುತ್ತಿದ್ದರು. "ಅಲ್ಲಿ ಬಾವಿ ಮುಟ್ಟಾಕ ಬಿಡಲಿಲ್ಲತ್ತೀ," ಎಂದು ಒಂದು ದಿನ ಮುದುಕವ್ವನಿಗೆ ಹೇಳಿದಳು. "ಇಲ್ಲಿ ಇಡೀ ಕೆರೀನೇ ನನ್ನ ಕೈಯಾಗ ಕೊಟ್ಟಾರ ನೋಡು." ಹೇಳುವಾಗ ಅವಳಿಗೆ ಎದೆ ಉಬ್ಬಿತ್ತು. ಅವಳನ್ನು ಹಳಿಯಬೇಡಿ. ಯಾರಿಗಾದರೂ ಉಬ್ಬುತ್ತಿತ್ತು.

ನಾಲ್ಕನೇ ಜಾಗ ಎಂದರೆ ಪ್ಲೇಟಿಂಗ್ ಶೆಡ್ಡುಗಳ ಚರಂಡಿ ಕೆರೆಗೆ ಬೀಳುವ ಬಾಯಿ. ಕಬ್ಬಿಣದ ಸಾಮಾನಿಗೆ ಹೊಳಪು ಹಿಡಿಸುವ ಶೆಡ್ಡುಗಳು ಅವು. ಅಲ್ಲಿ ನೀರು ಅರಿಸಿನದ ಹಾಗೆ ಹಳದಿ. ಒಂದು ಪುಡಿ ಹಾಕಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಿರುಗಿದರೆ ಕ್ರೋಮ್ ಇದೆ ಎಂದು ಅರ್ಥ. ನಾಲ್ಕು ವರ್ಷದಲ್ಲಿ, ಒಂದೇ ಒಂದು ದಿನ ಬಿಟ್ಟರೆ, ಅದು ನೇರಳೆಗೆ ತಿರುಗದ ದಿನವೇ ಇರಲಿಲ್ಲ. ಮಹಾನಂದಾಗೆ ಕೊಟ್ಟಿದ್ದ ರಬ್ಬರಿನ ಪ್ಯಾಂಟು ಎರಡನೇ ವರ್ಷಕ್ಕೇ ತೂತುಬಿದ್ದಿತ್ತು. ಸೈಕಲ್ ಟ್ಯೂಬಿನ ತೇಪೆ ಹಾಕಿಸಿಕೊಂಡಳು. ಹೊಸದು ಕೇಳಿದಾಗ, ಇರುವ ಎರಡು ಜೊತೆ ಫಾರಿನ್ನಿಂದ ಬರುವವರಿಗೆ ಎಂದರು. ತೇಪೆಯ ಸಂದಿಯಿಂದ ನೀರು ನುಗ್ಗಿ ಮೊಣಕಾಲ ಕೆಳಗೆ ಹುಣ್ಣಾದವು. ಅಂಚು ಗಟ್ಟಿ, ನಡುವೆ ಗುಳಿ. ವಾಸಿಯಾಗಲಿಲ್ಲ.

ಅವಳ ಗಂಡ ಸಿದ್ರಾಮ ಅಂಥದೇ ಒಂದು ಶೆಡ್ಡಿನಲ್ಲಿ ಕ್ರೋಮ್ ತೊಟ್ಟಿಯ ಮುಂದೆ ನಿಲ್ಲುತ್ತಿದ್ದ. ಆ ಹಬೆ ಕುಡಿದು ಕುಡಿದು ಅವನ ಮೂಗಿನ ನಡುವಿನ ಗೋಡೆ ತೂತಾಗಿತ್ತು. ಉಸಿರೆಳೆದರೆ ಸೀಟಿಯ ಸದ್ದು. ದಿನಾ ನೆತ್ತರು. ಮಾಲೀಕ, "ಬೀಡಿ ಸೇದ್ತೀಯ, ಅದಕ್ಕೇ" ಅಂದಿದ್ದ. ಸಿದ್ರಾಮ ಹುಟ್ಟಿದಾರಭ್ಯ ಬೀಡಿ ಮುಟ್ಟಿದವನಲ್ಲ.

ಒಂದು ಮಧ್ಯಾಹ್ನ ಯಮುನಾ ಅವರ ಮನೆಗೆ ಊಟಕ್ಕೆ ಬಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಚಕ್ಕಳಮಕ್ಕಳ ಹಾಕಿ ಕೂತು ಮೂರು ರೊಟ್ಟಿ ತಿಂದಳು. ಸಿದ್ರಾಮನನ್ನು ಬೆಳಕಿಗೆ ಕೂರಿಸಿ, ಮೊಬೈಲಿನ ಟಾರ್ಚ್ ಹಾಕಿ ಮೂಗಿನೊಳಗೆ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಇದು ಕ್ರೋಮ್ ಕಣಕ್ಕ. ಇವರ ಮೂಗಲ್ಲಿರೋದೂ ಅದೇ, ಕೆರೇಲಿರೋದೂ ಅದೇ. ನೀವು ತುಂಬ್ತಾ ಹೋಗಿ. ಒಂದಿನದ ನೀರು ಏನೂ ಹೇಳಲ್ಲ. ವರ್ಷಗಟ್ಲೆ ನೀರು ಇಟ್ರೆ ಯಾರೂ ಇಲ್ಲ ಅನ್ನಕ್ಕಾಗಲ್ಲ. ನಾನು ಪ್ರೂವ್ ಮಾಡ್ತೀನಿ, ನೋಡ್ತಿರಿ."

ಆ ಮಾತನ್ನು ಮಹಾನಂದಾ ನಂಬಿದಳು. ದೇವರನ್ನೂ ಅಷ್ಟು ನಂಬಿದವಳಲ್ಲ ಅವಳು. ಜ್ವರ ಬಂದರೂ ಇಳಿದಳು. ಮುಟ್ಟಾದ ದಿನವೂ ಇಳಿದಳು. ಸತ್ತ ನಾಯಿ ತೇಲುತ್ತಿದ್ದರೆ ಕೈಯಿಂದ ಸರಿಸಿ ಇಳಿದಳು. ನಾಲ್ಕನೇ ಜಾಗದ ಪ್ರತಿ ಬಾಟಲಿಯನ್ನೂ ಗಂಡನ ಪರವಾಗಿ ಹೇಳುವ ಸಾಕ್ಷಿ ಎಂದೇ ತುಂಬಿದಳು.

ನೋಟಿಸಿನ ಆ ಸಂಜೆ ಸವಿತಾ ಮತ್ತೆ ಬಂದಳು. ಹಾಳೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ತಾರೀಖು ಇತ್ತು. ಮಾದರಿ ಸಂಗ್ರಹಿಸಿದ ದಿನ. ಒಂದೇ ದಿನ. ಸವಿತಾ ಮೊಬೈಲಿನ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಸರಿಸಿ ನೋಡಿದಳು.

"ಅಕ್ಕಾ, ಇದು ಆಯುಧ ಪೂಜಿ ದಿನ."

ಮಹಾನಂದಾ ಒಲೆಯ ಮುಂದೆ ಕೂತಿದ್ದಳು. ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

ನಾಲ್ಕು ತಿಂಗಳ ಹಿಂದಿನ ಮಾತು. ಅವರ ಕಡೆ ಮಾನೌಮಿಗೆ, ಅಂದರೆ ಮಹಾನವಮಿ ಹಬ್ಬಕ್ಕೆ, ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲ ಒಗೆಯಲೇಬೇಕು. ಊರಲ್ಲಾದರೆ ವಾರದ ಮೊದಲೇ ಹಳ್ಳಕ್ಕೆ ಹೋಗಿ ಒಗೆದು ಮುಗಿಸುತ್ತಾರೆ. ಇಲ್ಲಿ ಯಾರಿಗೆ ಬಿಡುವು? ಹಬ್ಬಕ್ಕೆಂದು ರಜೆ ಸಿಗುವುದು ಆಯುಧ ಪೂಜೆಯ ದಿನ ಮಾತ್ರ. ಹಾಗಾಗಿ ನಲವತ್ತೆರಡು ಮನೆಯವರೂ ಅವತ್ತೇ ಒಗೆಯುತ್ತಾರೆ. ಬೀದಿಯ ಚರಂಡಿಯಲ್ಲಿ ಮೊಣಕಾಲೆತ್ತರ ಸೋಪಿನ ನೊರೆ, ವರ್ಷದ ಕೊಳೆ, ಮಕ್ಕಳ ಉಚ್ಚೆ ಕುಡಿದ ಕೌದಿಗಳ ನೀರು. ಅದೇ ದಿನ ಪ್ಲೇಟಿಂಗ್ ಶೆಡ್ಡುಗಳಲ್ಲಿ ಮೆಷಿನ್ನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರಿಗೂ ಕಡ್ಲೆಪುರಿ ಕೊಟ್ಟು ಬಾಗಿಲು ಹಾಕಿರುತ್ತಾರೆ. ತೊಟ್ಟಿ ಖಾಲಿ. ಚರಂಡಿಯಲ್ಲಿ ಬರೀ ನಲ್ಲಿ ನೀರು.

ಹಿಂದಿನ ದಿನ ಯಮುನಾ ಫೋನ್ ಮಾಡಿದ್ದಳು. "ಅಕ್ಕ, ಹಬ್ಬ ಅಂತ ಗೊತ್ತು, ಬೇಜಾರ್ ಮಾಡ್ಕೋಬೇಡಿ. ನಾಳೆ ಒಂದು ಸ್ಯಾಂಪಲ್ ಬೇಕೇ ಬೇಕು. ಹಾಗೇ ನಿಮ್ಮ ಬೀದಿ ಚರಂಡಿ ಕೆರೆಗೆ ಸೇರೋ ಕಡೆನೂ ಒಂದು ತುಂಬಿಬಿಡಿ. ಎಂಟನೇ ಜಾಗ ಅಂತ ಬರೀರಿ. ನಿಮ್ಮ ಬೋರ್‌ವೆಲ್ಲಿಗೆ ಏನಾದ್ರೂ ಸೇರ್ತಿದೆಯಾ ನೋಡೋಣ. ನಿಮಗೇ ಒಳ್ಳೇದು."

ಮಹಾನಂದಾ ಒಗೆಯುತ್ತಿದ್ದ ಕೌದಿಯನ್ನು ಅತ್ತೆಗೆ ಕೊಟ್ಟು ಹೋಗಿದ್ದಳು. ಹೆಂಗಸರು ನಕ್ಕಿದ್ದರು. ನಾಲ್ಕನೇ ಜಾಗದಲ್ಲಿ ಪುಡಿ ಹಾಕಿದಾಗ ನೀರು ನೇರಳೆಯಾಗಲಿಲ್ಲ. ಅವಳೇ ಫೋನ್ ಮಾಡಿ, "ಮೇಡಂ, ಇವತ್ತ ಬಣ್ಣ ಬರಲಿಲ್ರಿ. ಶೆಡ್ ಬಂದ್ ಅದಾವಲ್ಲ, ಅದಕ್ಕ ಇರಬೇಕು" ಎಂದು ಹೇಳಿದ್ದಳು. ಯಮುನಾ, "ಪರವಾಗಿಲ್ಲ, ಬಂದಿದ್ದನ್ನ ಬರೀರಿ" ಎಂದಿದ್ದಳು. ಬಣ್ಣದ ಖಾನೆಯಲ್ಲಿ ಸೊನ್ನೆ ಬರೆದಳು. ಸಹಿ ಹಾಕಿದಳು. ಮನೆಗೆ ಬಂದು ಕಡ್ಲೆಪುರಿ ತಿಂದಳು.

ನೂರಾರು ಬಾಟಲಿ ಹೋಗಿ, ವರದಿಗೆ ಉಳಿದದ್ದು ಆ ಒಂದು ದಿನದ ಬಾಟಲಿ.

ಮರುದಿನ ಬೋರ್‌ವೆಲ್ ನಲ್ಲಿಯ ಹತ್ತಿರ ಹೋದಾಗ ಹೆಂಗಸರು ಕೊಡಗಳನ್ನು ಹಿಂದಕ್ಕೆ ಎಳೆದುಕೊಂಡರು. ಊರಿನ ಬಾವಿಯ ಹತ್ತಿರ ಮೇಲಿನ ಓಣಿಯವರು ಎಳೆದುಕೊಳ್ಳುತ್ತಿದ್ದ ಹಾಗೆಯೇ. ಮಲಕಪ್ಪ ಮುಖಕ್ಕೇ ಹೇಳಿದ. "ನಾವು ನಿನ್ನ ಮಾತು ಕೇಳಿ ಮನ್ಯಾಗ ಬಿಟ್ಕೊಂಡ್ವಿ ಆ ಮೇಡಂನ. ಎಲ್ಲಿ ಒಗೀತೀವಿ, ಎಲ್ಲಿ ಕೂಡ್ತೀವಿ, ಎಲ್ಲಾ ತೋರಿಸಿದ್ವಿ. ನಿನ್ನ ಕೈಲೇ ನಮ್ಮ ಮನಿ ಕೆಡವಿಸಿದಿ."

ಅವಳು ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದಳು. ಮುದುಕವ್ವ ಒಂದೇ ಮಾತು ಕೇಳಿದಳು. "ಸಹಿ ಯಾಕ ಹಾಕಿದಿ?"

"ಕಲಿಸಿದ್ರು. ಹಾಕಿದೆ."

ಅವಳು ಸಂಸ್ಥೆಯ ಆಫೀಸಿಗೆ ಹೋದಳು. ಎರಡು ಬಸ್ಸು ಬದಲಿಸಿ. ನಾಲ್ಕು ವರ್ಷ ಬಾಟಲಿ ಕೊಡಲು ಹೋಗಿದ್ದು ಹಿಂದಿನ ಬಾಗಿಲಿಗೆ, ಲ್ಯಾಬಿನ ಕಟ್ಟೆಗೆ. ಅಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ, ಅವಳಿಗೆ ಪೇಪರ್ ಲೋಟದಲ್ಲಿ. ಕೆರೆಯಿಂದ ಬಂದವಳು, ಸೋಂಕು ತಗಲಬಾರದು, ಲ್ಯಾಬಿನ ನಿಯಮವಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಮುಂದಿನ ಬಾಗಿಲಿನಿಂದ ಹೋದಳು. ವಾಚ್‌ಮನ್ ತಡೆದ. ಅವಳು ನಿಲ್ಲಲಿಲ್ಲ.

ಮೂರನೇ ಮಹಡಿಯಲ್ಲಿ ಸಂಸ್ಥೆಯ ಮುಖ್ಯಸ್ಥ ವಸಂತ್ ಕೂತಿದ್ದ. ಎದುರಿಗೆ ಯಮುನಾ. ಗೋಡೆಯ ಮೇಲೆ ಬೈಲಪಾಳ್ಯ ಕೆರೆಯ ದೊಡ್ಡ ಫೋಟೋ. ಅದರಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಬಾಟಲಿ ಎತ್ತಿ ಹಿಡಿದಿದ್ದವಳು ಮಹಾನಂದಾಳೇ. ನಗುತ್ತಿದ್ದಳು.

"ನಾಕು ವರ್ಷದ ನೀರು ಎಲ್ಲಿ ಹೋತ್ರಿ ಮೇಡಂ?"

ಯಮುನಾ ಎದ್ದು ನಿಂತಳು. "ಅಕ್ಕ, ಕೂತ್ಕೊಳ್ಳಿ."

"ಕೂಡಾಕ ಬಂದಿಲ್ಲ. ನೀರು ಎಲ್ಲಿ ಹೋತು?"

ವಸಂತ್ ಸಮಾಧಾನದ ದನಿಯಲ್ಲಿ ಹೇಳಿದ. "ನೋಡಮ್ಮ, ಅದು ಪೈಲಟ್ ಸ್ಟಡಿ. ಟ್ರಯಲ್ ಇದ್ದ ಹಾಗೆ. ರಿಪೋರ್ಟಿಗೆ ತಗೊಳ್ಳೋದು ಫೈನಲ್ ಸರ್ವೆನ ಮಾತ್ರ. ಸ್ಪಾನ್ಸರ್ಸ್ ಜೊತೆ ಅಗ್ರಿಮೆಂಟೇ ಹಾಗಿದೆ."

"ಸ್ಪಾನ್ಸರ್ ಅಂದ್ರ ಯಾರು?"

ಅವನು ಹೇಳಬೇಕಾಗಿಯೇ ಇರಲಿಲ್ಲ. ಫೋಟೋದ ಕೆಳಗೆ ದೊಡ್ಡದಾಗಿ ಬರೆದಿತ್ತು, ಪ್ಲೇಟಿಂಗ್ ಮಾಲೀಕರ ಸಂಘ. ಕೆರೆಯ ಏರಿಯ ಮೇಲಿನ ಬೋರ್ಡಿನಲ್ಲೂ ನಾಲ್ಕು ವರ್ಷದಿಂದ ಅದೇ ಬರೆದಿತ್ತು. ಅವಳಿಗೆ ತನ್ನ ಹೆಸರು ಬರೆಯಲು ಕಲಿಸಿದ್ದರು. ಆ ಬೋರ್ಡು ಓದಲು ಕಲಿಸಿರಲಿಲ್ಲ. ಸಂಘದ ಹೆಸರನ್ನು ಅವಳಿಗೆ ಓದಿ ಹೇಳಿದ್ದು ಅವತ್ತು ಬೆಳಿಗ್ಗೆ, ಬಸ್ಸಿಗೆ ಹೊರಡುವ ಮುಂಚೆ, ಸವಿತಾ.

"ಒಂದಿನದ ನೀರು ಏನೂ ಹೇಳಂಗಿಲ್ಲ ಅಂದಿದ್ರಿ," ಎಂದಳು ಯಮುನಾ ಕಡೆ ತಿರುಗಿ. "ನನ್ನ ಮನ್ಯಾಗ ಕುಂತು ಅಂದಿದ್ರಿ. ನನ್ನ ಗಂಡನ ಮೂಗು ನೋಡಿ ಅತ್ತಿದ್ರಿ."

ಯಮುನಾ ಮೇಜು ನೋಡುತ್ತಿದ್ದಳು. "ಅಕ್ಕ, ಡೇಟಾ ಸುಳ್ಳಲ್ಲ. ಆ ದಿನ ಅಲ್ಲಿ ಇದ್ದಿದ್ದೇ ಅದು. ಬಾಟಲಿ ನೀವೇ ತುಂಬಿದ್ದು, ನೀವೇ ಸಹಿ ಹಾಕಿದ್ದು."

"ದಿನಾ ಯಾರು ಆರಿಸಿದ್ದು?"

ಯಮುನಾ ವಸಂತ್ ಕಡೆ ನೋಡಿದಳು. ಎಸಿಯ ಗಾಳಿಗೆ ಮಹಾನಂದಾಳ ಕಾಲಿನ ಹುಣ್ಣುಗಳು ಉರಿಯತೊಡಗಿದವು. ಬೈದಿದ್ದರೆ, ಹೊರಗೆ ದಬ್ಬಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ. ಬೈಸಿಕೊಂಡು, ದಬ್ಬಿಸಿಕೊಂಡು ಬೆಳೆದವಳು. ಆದರೆ ಈ ಹುಡುಗಿ ಅಕ್ಕ ಅಂದಿದ್ದಳು, ಈಗಲೂ ಅನ್ನುತ್ತಿದ್ದಳು. ಆ ಅಕ್ಕನ ಮನೆಯ ಚರಂಡಿಯನ್ನು ಅಕ್ಕನ ಕೈಯಿಂದಲೇ ತುಂಬಿಸಿಕೊಂಡು ಹೋಗಿದ್ದಳು.

"ಭಾನುವಾರ ಮರುಪರಿಶೀಲನೆ ಇದೆ," ಎಂದ ವಸಂತ್. "ಸರ್ಕಾರದಿಂದ ಅಧಿಕಾರಿ ಬರ್ತಾರೆ. ಎಂಟನೇ ಜಾಗದಲ್ಲಿ ಅವರ ಎದುರಿಗೆ ಒಂದು ಬಾಟಲಿ ತುಂಬಿಕೊಟ್ರೆ ಸಾಕು. ಅಲ್ಲಿನವರೇ ತುಂಬಿದ್ರೆ ನಾಳೆ ಯಾರೂ ನಮ್ಮ ಮೇಲೆ ಬೊಟ್ಟು ಮಾಡಲ್ಲ."

ಯಮುನಾ ಹತ್ತಿರ ಬಂದಳು. "ನಿಮ್ಮನ್ನ ಬಿಡಲ್ಲ ಅಕ್ಕ. ದೊಡ್ಡನೆಕ್ಕುಂದಿ ಕಡೆ ಇನ್ನೊಂದು ಕೆರೆ ಶುರು ಮಾಡ್ತಿದೀವಿ. ನಿಮ್ಮನ್ನೇ ತಗೋತೀವಿ. ಅಲ್ಲೇ ರೂಮ್ ನೋಡ್ಕೊಡ್ತೀನಿ. ಪಕ್ಕಾ ಮನೆ, ಮೋಲ್ಡ್ ಹಾಕಿರೋದು."

"ಉಳದ ನಲವತ್ತೊಂದು ಮನಿ?"

ಮಹಾನಂದಾ ಮೆಟ್ಟಿಲಿಳಿದು ಬಂದುಬಿಟ್ಟಳು.

ಭಾನುವಾರ ಎಂದರೆ ಶೆಡ್ಡುಗಳಿಗೆ ವಾರದ ರಜೆ. ಎಲ್ಲರೂ ಮನೆಯಲ್ಲಿ ಇರುವ ದಿನ, ಒಗೆಯುವ ದಿನ, ಮೀಯುವ ದಿನ. ಅವಳಿಗೆ ಬಸ್ಸಿನಲ್ಲಿ ಕೂತಾಗ ಅದು ಹೊಳೆಯಿತು. ಅವಳು ಎಷ್ಟು ಜೋರಾಗಿ ಬೈದಳೆಂದರೆ ಪಕ್ಕದಲ್ಲಿ ಕೂತಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದವಳು ಒಂದೊಂದೇ ಬಾಗಿಲು ತಟ್ಟಿದಳು. ನಲವತ್ತೊಂದು ಬಾಗಿಲು. "ತಪ್ಪು ನಂದು. ನಂಬಿ ಕೆಟ್ಟೆ. ನಿಮ್ಮನ್ನೂ ಕೆಡಿಸಿದೆ. ಭಾನುವಾರ ಕೆರಿ ಏರಿ ಮ್ಯಾಲ ಬರ್ರಿ" ಎಂದಳು. ಕೆಲವರು ಬಾಗಿಲು ಹಾಕಿಕೊಂಡರು. ಮಲಕಪ್ಪ ಪೂರ್ತಿ ಕೇಳಿ, ಉಗುಳಿ, ಒಳಗೆ ಹೋದ. ಆಣೆ ಪ್ರಮಾಣ ಯಾವುದನ್ನೂ ಅವಳು ಮಾಡಲಿಲ್ಲ. ಅವಳ ಮಾತಿಗೆ ಈಗ ಬೆಲೆ ಇಲ್ಲ ಎಂದು ಅವಳಿಗೇ ಗೊತ್ತಿತ್ತು.

ಭಾನುವಾರ ಎಂಟು ಗಂಟೆಗೆ ಎರಡು ಕಾರು, ಒಂದು ಜೀಪು ಬಂದವು. ಅಧಿಕಾರಿ ನಡುವಯಸ್ಸಿನವರು, ಕೈಯಲ್ಲಿ ಫೈಲು. ವಸಂತ್ ಟೋಪಿ ಹಾಕಿಕೊಂಡಿದ್ದ. ಯಮುನಾ ಐಸ್ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಏರಿಯ ಮೇಲೆ ಸಾಲಿನ ಜನ ಒಬ್ಬೊಬ್ಬರಾಗಿ ಬಂದು ಕೂತರು. ಮುದುಕವ್ವ ಬಂದಳು. ಸಿದ್ರಾಮ ಬಂದ, ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡು. ಮಲಕಪ್ಪನೂ ಬಂದ. ದೂರದಲ್ಲಿ ಕೂತ.

ಜಾಗದ ವಿಷಯ ಹೇಳಬೇಕು. ಬೀದಿಯ ಚರಂಡಿ ಕೆರೆಗೆ ಸೇರುವ ಎಂಟನೇ ಜಾಗಕ್ಕೆ ನೇರ ಹೋಗಲಾಗದು. ಆ ಬದಿಯೆಲ್ಲ ಎದೆಮಟ್ಟದ ಕೆಸರು, ಇಳಿದವರು ಹೂತೇ ಹೋಗುತ್ತಾರೆ. ನಾಲ್ಕನೇ ಜಾಗದಲ್ಲಿ ಇಳಿದು, ಶೆಡ್ಡಿನ ಚರಂಡಿಯ ಬಾಯಿಯನ್ನು ದಾಟಿ, ಇಪ್ಪತ್ತು ಹೆಜ್ಜೆ ನೀರಲ್ಲೇ ನಡೆದು ಹೋಗಬೇಕು. ಬೇರೆ ದಾರಿ ಇಲ್ಲ.

"ಯಾರಮ್ಮ ತುಂಬೋದು? ಶುರು ಮಾಡಿ," ಎಂದರು ಅಧಿಕಾರಿ.

ಯಮುನಾ ಬಾಟಲಿ ಚಾಚಿದಳು. ಮಹಾನಂದಾ ಕೈ ಹಿಂದಕ್ಕೆ ಕಟ್ಟಿ ನಿಂತಳು.

"ನಾ ಇಳ್ಯಂಗಿಲ್ಲ."

"ಅಕ್ಕ, ಪ್ಲೀಸ್."

"ಅಕ್ಕ ಅನಬ್ಯಾಡ್ರಿ. ಆ ಮಾತು ನಿಮ್ಮ ಬಾಯಾಗ ಹೊಲಸಾಗ್ಯದ."

ವಸಂತ್ ಮುಂದೆ ಬಂದ. "ಏನಮ್ಮ ನಾಟಕ ಆಡ್ತಿದೀಯ? ನಾಲ್ಕು ವರ್ಷ ಸಂಬಳ ತಗೊಂಡಿಲ್ವಾ?"

"ದುಡದೀನಿ, ತಗೊಂಡೀನಿ. ಇವತ್ತ ದುಡ್ಯಂಗಿಲ್ಲ." ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ಮಂಗಳವಾರ ಬರ್ರಿ. ಹನ್ನೊಂದು ಗಂಟೆಕ್ಕ, ಶೆಡ್ಡಿನವರು ತೊಟ್ಟಿ ಬಿಡೂ ಹೊತ್ತಿಗೆ ಬರ್ರಿ. ನಮ್ಮ ಗಟಾರದ್ದೂ ತುಂಬ್ತೀನಿ, ಅವರ ಗಟಾರದ್ದೂ ತುಂಬ್ತೀನಿ. ಎರಡೂ ಬರ್ಕೊರಿ. ನಮ್ಮದು ಹೊಲಸಿಲ್ಲ ಅಂತ ನಾ ಅನ್ನಂಗಿಲ್ಲ. ಅದ. ಪಾಯಖಾನಿ ಕಟ್ಟಿಕೊಡ್ರಿ ಅಂತ ಎಂಟು ವರ್ಷ ಆಯ್ತು ಕೇಳಕತ್ತು. ಆದ್ರ ಕೆರಿ ಕೊಂದವರು ನಾವಲ್ಲ. ಕೊಂದವರನ್ನ ಬಿಟ್ಟು ನಮ್ಮ ಬಾಟ್ಲಿ ಅಷ್ಟೇ ತುಂಬು ಅಂದ್ರ ನಾ ತುಂಬಂಗಿಲ್ಲ."

"ಅದೆಲ್ಲ ಇವತ್ತಿನ ಆರ್ಡರಲ್ಲಿ ಇಲ್ಲಮ್ಮ," ಎಂದರು ಅಧಿಕಾರಿ. ಅವರಿಗೆ ಬೇಗ ಮುಗಿದರೆ ಸಾಕಾಗಿತ್ತು. "ಬೇರೆ ಯಾರಾದ್ರೂ ಇಳೀರಿ."

ವಸಂತ್ ಡ್ರೈವರ್ ಶ್ಯಾಮಣ್ಣನನ್ನು ಕರೆದ. ಶ್ಯಾಮಣ್ಣ ಪ್ಯಾಂಟು ಮಡಚಲು ಬಗ್ಗಿದ. ಅಷ್ಟರಲ್ಲಿ ಮಹಾನಂದಾ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದಳು. ಅಷ್ಟು ಜನರ ಮುಂದೆ. ಕಾಲಿನ ತುಂಬ ಗುಳಿಬಿದ್ದ ಹುಣ್ಣು, ಕೀವು, ಕಪ್ಪಗೆ ಗಟ್ಟಿಯಾದ ಅಂಚು. "ನೋಡ್ಕೊಂಡು ಇಳಿ ಅಣ್ಣ," ಎಂದಳು.

ಶ್ಯಾಮಣ್ಣ ನೋಡಿದ. ಮಡಚಿದ್ದ ಪ್ಯಾಂಟನ್ನು ಕೆಳಗೆ ಬಿಟ್ಟ. "ನಾನ್ ಡ್ರೈವರ್ ಸಾರ್," ಎಂದ. "ಗಾ‌ಡಿ ಓಡ್ಸಕ್ಕೆ ಬಂದಿರೋದು. ಇದೆಲ್ಲ ನಂಗೆ ಆಗಲ್ಲ."

"ಕೋಲಿಗೆ ಬಾಟಲಿ ಕಟ್ಟಿ ಇಲ್ಲಿಂದಲೇ ತಗೊಳ್ಳೋಣ ಸರ್," ಎಂದ ವಸಂತ್.

"ಅದಾಗಲ್ಲ ರೀ," ಎಂದರು ಅಧಿಕಾರಿ. "ನಿಮ್ಮ ರಿಪೋರ್ಟಲ್ಲೇ ಬರ್ದಿದೀರಿ, ಸೊಂಟದಾಳದಲ್ಲಿ, ಕೈಯಲ್ಲಿ ಅಂತ. ಹಾಗೇ ಆಗ್ಬೇಕು. ಇಲ್ದಿದ್ರೆ ನಾಳೆ ಕೋರ್ಟಲ್ಲಿ ನಿಲ್ಲಲ್ಲ. ನೀವೇ ಯಾರಾದ್ರೂ ಇಳೀರಿ. ರಬ್ಬರ್ ಪ್ಯಾಂಟಿಲ್ವಾ?"

ಇತ್ತು. ತೇಪೆ ಹಾಕಿದ ಒಂದು ಜೊತೆ. ಜೀಪಿನ ಹಿಂದೆ ಬಿದ್ದಿತ್ತು. ಹೊಸ ಎರಡು ಜೊತೆ ಆಫೀಸಿನ ಕಪಾಟಿನಲ್ಲಿದ್ದವು. ಮಹಾನಂದಾಳ ಕೈಯಲ್ಲಿ ಕೆಲಸ ಮಾಡಿಸುವ ದಿನ ಅವನ್ನು ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಇಳೀರಿ ಮೇಡಂ," ಎಂದಳು ಮಹಾನಂದಾ. ಅವಳ ದನಿ ಏರಿಯ ಆ ತುದಿಗೂ ಕೇಳಿಸಿತು. "ನಾಕನೇ ಜಾಗ ಚಲೋ ಅದ ಅಂತ ನೀವೇ ಬರದೀರಿ. ಮಿತಿ ಒಳಗ ಅದ ಅಂತ ಬರದೀರಿ. ಇವತ್ತ ಶೆಡ್ಡೂ ಬಂದ್ ಅದಾವ. ಯಾಕ ಹೆದರ್ತೀರಿ? ಇಪ್ಪತ್ತು ಹೆಜ್ಜಿ. ನಾ ಇದೇ ನೀರಾಗ ನಾಕು ವರ್ಷ ಇಳದೀನಿ."

ಯಮುನಾ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಒಂದು ಶೂ ಬಿಚ್ಚಿದಳು. ಇನ್ನೊಂದನ್ನೂ ಬಿಚ್ಚಿದಳು. ಕಾಲುಚೀಲ ತೆಗೆದು ಶೂ ಒಳಗೆ ತುರುಕಿದಳು. ಬರಿಗಾಲಲ್ಲಿ ನಾಲ್ಕನೇ ಜಾಗದ ಅಂಚಿಗೆ ನಡೆದಳು. ನುಣುಪಾದ ಬೆಳ್ಳನೆಯ ಪಾದಗಳು. ಅಂಚಿನ ಮಣ್ಣು ಹಳದಿಗಟ್ಟಿತ್ತು. ಬಾಟಲಿ ಹಿಡಿದು ನಿಂತಳು.

ಆ ನೀರಲ್ಲಿ ಏನಿದೆ, ತಳದ ಕೆಸರಲ್ಲಿ ಎಷ್ಟಿದೆ, ಅದು ಚರ್ಮಕ್ಕೆ ಏನು ಮಾಡುತ್ತದೆ, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ನಾಲ್ಕು ವರ್ಷದ ಲೆಕ್ಕ ಅವಳ ಕಂಪ್ಯೂಟರಿನಲ್ಲಿ ಇತ್ತು. ಒಂದು ನಿಮಿಷವಾಯಿತು. ಎರಡಾಯಿತು. ಅವಳ ಪಾದ ಮುಂದಕ್ಕೆ ಬರಲಿಲ್ಲ.

"ಏನ್ರೀ ಮೇಡಂ," ಎಂದರು ಅಧಿಕಾರಿ. ಅವರ ದನಿ ಈಗ ಬೇರೆಯಾಗಿತ್ತು. "ಸೇಫ್ ಅಂತ ಬರ್ದಿದೀರಲ್ಲ?"

ಯಮುನಾ ತಿರುಗಿದಳು. ಯಾರ ಮುಖವನ್ನೂ ನೋಡದೆ ಏರಿಗೆ ಹತ್ತಿ ಬಂದು, ಕಲ್ಲಿನ ಮೇಲೆ ಕೂತು ಕಾಲುಚೀಲ ಹಾಕಿಕೊಳ್ಳತೊಡಗಿದಳು. ದೂರದಲ್ಲಿ ಕೂತಿದ್ದ ಮಲಕಪ್ಪ ಎದ್ದು ಬಂದು ಮಹಾನಂದಾಳ ಪಕ್ಕ ನಿಂತ. ವಸಂತ್ ಅಧಿಕಾರಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. ಅಧಿಕಾರಿ ಕೈಯೆತ್ತಿ ಅವನನ್ನು ತಡೆದು, ಜೇಬಿನಿಂದ ಪೆನ್ನು ತೆಗೆದರು.

ಮಹಾನಂದಾ ಸೀರೆಯನ್ನು ಇನ್ನೂ ಕೆಳಗೆ ಬಿಟ್ಟಿರಲಿಲ್ಲ.

"ಬರ್ಕೊರಿ ಸಾಹೇಬ್ರ," ಎಂದಳು. "ಮೇಡಮ್ಮೋರು ನೀರಿಗಿ ಇಳೀಲಿಲ್ಲ ಅಂತ ಬರ್ಕೊರಿ."